ಗರ್ಭಿಣಿಯರು ಯಾವ ಚೀಸ್ ತಿನ್ನಬಹುದು?

ನೀವು ಕೇಳಿದ್ದು ಎರಡು ವಿಷಯ. ಐದು ತಿಂಗಳ ಗರ್ಭಿಣಿಯಾದ ನೀವು ಚೀಸ್ ಪೂರ್ತಿ ಬಿಡಬೇಕಾ? ಹೋದ ವಾರ ಪಾರ್ಟಿಯಲ್ಲಿ ಗೊತ್ತಿಲ್ಲದೆ ಬ್ರೀ ಅನ್ನುವ ಮೆತ್ತನೆ ಚೀಸ್ ಒಂದು ತುಂಡು ತಿಂದಿದ್ದೀರಿ, ಈಗ ಏನು ಮಾಡಬೇಕು? ಹಾಲು, ಚೀಸ್ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಚೀಸ್ ಬಿಡಬೇಕಾಗಿಲ್ಲ. ಗಾಬರಿಯೂ ಬೇಡ.

ಭಯ ಇರುವುದು ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ್ದು. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಗೆ ತೆಪ್ಪಗಾಗುತ್ತವೆ. ಇದು 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಚೀಸ್‌ನ ಬಣ್ಣ, ವಾಸನೆ, ರುಚಿ ಏನೂ ಕೆಡುವುದಿಲ್ಲ. ಹಾಗಾಗಿ ಮೂಸಿ ನೋಡಿ ಪ್ರಯೋಜನವಿಲ್ಲ. ಗರ್ಭಿಣಿಯರಿಗೆ ಈ ಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು 10 ಪಟ್ಟು ಜಾಸ್ತಿ. ತಾಯಿಗೆ ಸಣ್ಣ ಜ್ವರದ ಹಾಗೆ ಬಂದು ಹೋದರೂ ಒಳಗಿನ ಮಗುವಿಗೆ ದೊಡ್ಡ ಪೆಟ್ಟಾಗಬಹುದು. 1985ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮೆಕ್ಸಿಕನ್ ಮಾದರಿಯ ಮೆತ್ತನೆ ಚೀಸ್‌ನಿಂದ ಇದು ಹರಡಿತ್ತು. 142 ಪ್ರಕರಣಗಳಲ್ಲಿ 93 ಗರ್ಭಿಣಿಯರು ಅಥವಾ ಅವರ ಶಿಶುಗಳದ್ದು. ಹಸಿ ಹಾಲು ಅದರಲ್ಲಿ ಸೇರಿಕೊಂಡಿತ್ತು.

ಈಗ ಚೀಸ್‌ಗೆ ಬರೋಣ. ಚೆಡ್ಡಾರ್, ಪಾರ್ಮೆಸಾನ್, ಗ್ರುಯೆರ್, ಎಮೆಂಟಲ್‌ನಂಥ ಗಟ್ಟಿ ಚೀಸ್ ತಿನ್ನಬಹುದು. ಅವುಗಳಲ್ಲಿ ನೀರಿನಂಶ ಕಡಿಮೆ, ಲಿಸ್ಟೀರಿಯಾಗೆ ಬೆಳೆಯಲು ಜಾಗವೇ ಸಿಗುವುದಿಲ್ಲ. ಪಾಶ್ಚರೀಕರಿಸಿದ ಹಾಲಿನಿಂದ ಮಾಡಿದ ಮೊಝರೆಲ್ಲಾ, ಫೆಟಾ, ಪನೀರ್, ರಿಕೋಟಾ, ಕ್ರೀಮ್ ಚೀಸ್, ಸಂಸ್ಕರಿಸಿದ ಚೀಸ್ ಸ್ಲೈಸ್ ಕೂಡ ಸರಿ. ಪಾಶ್ಚರೀಕರಣ ಅಂದರೆ ಹಾಲನ್ನು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸುವುದು, ಅಷ್ಟಕ್ಕೆ ಲಿಸ್ಟೀರಿಯಾ ಸಾಯುತ್ತದೆ. ಆದ್ದರಿಂದ ಪ್ಯಾಕೆಟ್ ತಿರುಗಿಸಿ, ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಹೆಸರಿನ ಪಕ್ಕ ‘ಪಾಶ್ಚರೈಸ್ಡ್’ ಅಂತ ಬರೆದಿದೆಯಾ ನೋಡಿ. ಅಕ್ಷರ ಸಣ್ಣದಿರುತ್ತದೆ, ಸ್ವಲ್ಪ ಹುಡುಕಬೇಕು. ಇಲ್ಲದಿದ್ದರೆ ಅಂಥ ಮೆತ್ತನೆ ಚೀಸ್ ಬೇಡ. ‘ತಾಜಾ’, ‘ಸಹಜ’ ಅಂತ ಮುಂದೆ ದೊಡ್ಡದಾಗಿ ಬರೆದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಗೊಂದಲ ಇರುವುದು ಬ್ರೀ, ಕ್ಯಾಮೆಂಬೆರ್, ಬಿಳಿ ಸಿಪ್ಪೆಯ ಮೇಕೆ ಹಾಲಿನ ಚೀಸ್, ಮತ್ತೆ ನೀಲಿ ಗೆರೆಗಳ ಗೊರ್ಗೊಂಝೋಲಾ, ರಾಕ್‌ಫೋರ್ಟ್ ವಿಷಯದಲ್ಲಿ. ಹಾಲು ಪಾಶ್ಚರೀಕರಿಸಿದ್ದಾದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಷ್ಟೇ ಸಾಕಾಗುವುದಿಲ್ಲ. ಬ್ರೀ ಮೇಲೆ ಹತ್ತಿಯಂತೆ ಕಾಣುವ ಬಿಳಿ ಪದರ ಇರುತ್ತದಲ್ಲ, ಅದು ಬೇಕಂತಲೇ ಬೆಳೆಸಿದ ಬೂಸು. ಹೊಸ ಚೀಸ್‌ನಲ್ಲಿ ಹುಳಿ ಜಾಸ್ತಿ ಇರುತ್ತದೆ, ಆ ಹುಳಿಯೇ ಅದಕ್ಕೆ ಕಾವಲು. ಬೂಸು ಬೆಳೆಯುತ್ತಾ ಆ ಹುಳಿಯನ್ನೇ ತಿಂದುಹಾಕುತ್ತದೆ. ಚೀಸ್ ಮೆತ್ತಗಾಗಿ, ಸಿಪ್ಪೆಯ ಹತ್ತಿರ ಹುಳಿ ಹೆಚ್ಚುಕಮ್ಮಿ ಇಲ್ಲದಂತಾಗುತ್ತದೆ. ಜೊತೆಗೆ ಅರ್ಧದಷ್ಟು ನೀರಿನಂಶ. ಹಾಲು ಕಾಯಿಸಿದ ಮೇಲೆ ಕತ್ತರಿಸುವಾಗಲೋ ಪ್ಯಾಕ್ ಮಾಡುವಾಗಲೋ ಎಲ್ಲಿಂದಲೋ ಲಿಸ್ಟೀರಿಯಾ ಬಂದು ಕೂತರೆ ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕೆಲವು ದೇಶಗಳಲ್ಲಿ ಈ ವಿಷಯಕ್ಕೆ ಸಲಹೆ ಸ್ವಲ್ಪ ಸಡಿಲ ಇದೆ. ನನ್ನನ್ನು ಕೇಳಿದರೆ ಹೆರಿಗೆ ಆಗುವ ತನಕ ಇವನ್ನು ತಣ್ಣಗೆ ತಿನ್ನದಿರುವುದೇ ಒಳ್ಳೆಯದು.

ಬೇಯಿಸಿ ತಿಂದರೆ ತೊಂದರೆ ಇಲ್ಲ. ಆದರೆ ಸುಮ್ನೆ ಕರಗಿದರೆ ಸಾಲದು. ಬ್ರೀ ಉಗುರುಬೆಚ್ಚಗಾದರೂ ಕರಗಿ ಹರಿಯುತ್ತದೆ, ಅದನ್ನು ನೋಡಿ ಬೆಂದಿದೆ ಅಂದುಕೊಳ್ಳಬಾರದು. ನಡುಭಾಗದಲ್ಲೂ ಗುಳ್ಳೆ ಬಂದು ಹಬೆಯಾಡಬೇಕು, ಅಂದರೆ 74 ಡಿಗ್ರಿಯಷ್ಟಾದರೂ ಬಿಸಿ. ಪಿಜ್ಜಾ ಒಲೆಯಿಂದ ತೆಗೆದ ಕೂಡಲೇ ತಿಂದುಬಿಡಿ.

ಇನ್ನೊಂದು ಮಾತು. ಅಂಗಡಿಯ ಕೌಂಟರ್‌ನಲ್ಲಿ ದೊಡ್ಡ ಗಟ್ಟಿಯಿಂದ ಕತ್ತರಿಸಿ ಕೊಡುವ ಚೀಸ್‌ಗಿಂತ ಕಾರ್ಖಾನೆಯಲ್ಲೇ ಪ್ಯಾಕ್ ಆಗಿ ಬಂದದ್ದು ವಾಸಿ. ಒಂದೇ ಕತ್ತರಿಸುವ ಯಂತ್ರದಲ್ಲಿ ಬೇರೆ ಬೇರೆ ಚೀಸ್, ಮಾಂಸ ಎಲ್ಲ ಹೋಗುತ್ತಿರುತ್ತದೆ. ಲಿಸ್ಟೀರಿಯಾ ಆ ಯಂತ್ರದ ಸಂದುಗಳಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ.

ಇನ್ನು ನೀವು ತಿಂದ ಬ್ರೀ. ಒಂದು ತುಂಡಿನಿಂದ ಸೋಂಕು ಬರುವ ಸಾಧ್ಯತೆ ತೀರಾ ಕಡಿಮೆ. ಏನೂ ಲಕ್ಷಣ ಇಲ್ಲದಿದ್ದರೆ ಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ತಿಂದ ದಿನಾಂಕವನ್ನು ಒಂದು ಕಡೆ ಬರೆದಿಡಿ. ಲಕ್ಷಣಗಳು ಸಾಮಾನ್ಯವಾಗಿ ಎರಡು ವಾರದೊಳಗೆ ಕಾಣುತ್ತವೆ, ಅಪರೂಪಕ್ಕೆ 70 ದಿನದ ತನಕ ತಡವಾಗುವುದೂ ಉಂಟು. ಅಷ್ಟರಲ್ಲಿ ಜ್ವರ, ಚಳಿ, ಮೈಕೈ ನೋವು ಬಂದರೆ ಅಥವಾ ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಮಾತ್ರೆ ನುಂಗಿ ಮಲಗಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ಬ್ರೀ ತಿಂದಿದ್ದನ್ನು ನೀವಾಗಿಯೇ ಹೇಳಿ. ಅವರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸೋಂಕು ಇದ್ದರೂ ಆ್ಯಂಪಿಸಿಲಿನ್‌ನಂಥ ಔಷಧಿ ಬೇಗ ಶುರುವಾದರೆ ಎಷ್ಟೋ ಸಲ ಮಗುವಿಗೆ ತಗಲದಂತೆ ತಡೆಯಬಹುದು.