ಬೆಳಿಗ್ಗೆ ಇಟ್ಟು ಹೋದ ಅಡುಗೆ ಸಂಜೆಗೇಕೆ ನೀರು ನೀರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸ್ಲೋ ಕುಕ್ಕರ್ ಕುರಿತಾದವು, ಅಂದರೆ ಲೋ, ಹೈ, ವಾರ್ಮ್ ಎಂಬ ಗುಂಡಿಗಳಿರುವ, ಗಂಟೆಗಟ್ಟಲೆ ಮೆಲ್ಲಗೆ ಬೇಯಿಸುವ ವಿದ್ಯುತ್ ಪಾತ್ರೆಯ ಕುರಿತಾದವು. ಬರೆದವರೆಲ್ಲ ಬೆಳಿಗ್ಗೆ ಮನೆ ಬಿಟ್ಟು ಸಂಜೆ ಹಸಿದುಕೊಂಡು ಬರುವವರು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಇಬ್ಬರು ಮಕ್ಕಳು. ಸ್ಲೋ ಕುಕ್ಕರ್ ಕೊಂಡು ಎರಡು ತಿಂಗಳಾಯಿತು. ಬೆಳಿಗ್ಗೆ ಎಲ್ಲ ಹೆಚ್ಚಿ ಹಾಕಿ, ಮುಳುಗುವಷ್ಟು ನೀರು ಸುರಿದು ಹೋಗುತ್ತೇನೆ. ಬಂದು ನೋಡಿದರೆ ಸಾರು ನೀರು ನೀರು, ಮಾಂಸ ಬೂದಿ ಬಣ್ಣ, ಆಲೂಗಡ್ಡೆ ಮಾತ್ರ ಇನ್ನೂ ಗಟ್ಟಿ. ಎಲ್ಲಿ ತಪ್ಪುತ್ತಿದ್ದೇನೆ?

ಮೂರು ದೂರಿಗೂ ಬೇರೆ ಬೇರೆ ಕಾರಣಗಳಿವೆ.

ಒಲೆಯ ಮೇಲೆ ಕುದಿಯುವ ಪಾತ್ರೆಯಿಂದ ಆವಿ ಹೊರಹೋಗುತ್ತದೆ, ಸಾರು ಬತ್ತುತ್ತದೆ. ಇಲ್ಲಿ ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಅದರ ಮೇಲೆ ಈರುಳ್ಳಿ, ಟೊಮೆಟೊ, ಮಾಂಸ ಎಲ್ಲವೂ ತಮ್ಮ ನೀರು ಬಿಡುತ್ತವೆ. ಹಾಗಾಗಿ ಒಲೆಯ ಅಡುಗೆಗೆ ಹಾಕುವ ನೀರಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ, ಕೆಲವಕ್ಕೆ ಅರ್ಧವೇ ಸಾಕು. ನೀರು ಹೀರುವ ಕಾಳು, ಬಾರ್ಲಿಗಳನ್ನು ಬಿಟ್ಟರೆ ಬೇರೆ ಯಾವುದೂ ಮುಳುಗಬೇಕಿಲ್ಲ. ಈಗಾಗಲೇ ನೀರಾಗಿದೆಯೆ? ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಹೈನಲ್ಲಿ ಅರ್ಧ ಗಂಟೆ ಬಿಡಿ. ಅಥವಾ ಬೆಂದ ಆಲೂಗಡ್ಡೆಯನ್ನೇ ಎರಡು ಹೋಳು ಕಿವುಚಿ ಬೆರೆಸಿ. ನನಗೆ ಎರಡನೆಯದೇ ಇಷ್ಟ, ಸಾರಿಗೆ ಹಿಟ್ಟಿನ ವಾಸನೆ ಬರುವುದಿಲ್ಲ.

ಇನ್ನು ಬಣ್ಣದ ಮಾತು. ಮಾಂಸ ಕಂದಾಗಿ ಘಮ್ಮೆನ್ನಲು ಅದರ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನೀರಿರುವ ಪಾತ್ರೆ 100 ದಾಟುವುದಿಲ್ಲ, ಸ್ಲೋ ಕುಕ್ಕರ್ ಅಷ್ಟಕ್ಕೂ ಹೋಗುವುದು ಅಪರೂಪ. ಎಂಟು ಗಂಟೆ ಬೆಂದರೂ ಆ ರುಚಿ ತಾನಾಗಿ ಹುಟ್ಟದು. ದಪ್ಪತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಮಾಂಸವನ್ನು ಒತ್ತೊತ್ತಾಗಿ ತುಂಬದೆ, ಎರಡು ಸಲಕ್ಕೆ ಹಾಕಿ ಹುರಿದುಕೊಳ್ಳಿ. ಬಾಣಲೆಗೆ ಹಿಡಿದ ಕಂದನ್ನು ಅರ್ಧ ಲೋಟ ನೀರು ಹಾಕಿ ಕೆರೆದು, ಅದನ್ನೂ ಕುಕ್ಕರಿಗೆ ಸುರಿಯಿರಿ. ಇದನ್ನೆಲ್ಲ ಬೆಳಿಗ್ಗೆಯೇ ಮಾಡಬೇಕು. ರಾತ್ರಿ ಮಾಂಸವನ್ನು ಅರೆಬರೆ ಹುರಿದು ಫ್ರಿಜ್‌ನಲ್ಲಿಡಬೇಡಿ, ಹಾಗೆ ಮಾಡಿದರೆ ರೋಗಾಣುಗಳು ಸಾಯುವುದಿಲ್ಲ, ಬೆಳೆಯಲು ಹೊತ್ತು ಸಿಕ್ಕಂತಾಗುತ್ತದೆ. ಈರುಳ್ಳಿಯನ್ನು ಬೇಕಾದರೆ ಹಿಂದಿನ ರಾತ್ರಿಯೇ ಕೆಂಪಗೆ ಹುರಿದಿಡಿ.

ಆಲೂಗಡ್ಡೆ, ಕ್ಯಾರೆಟ್ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತವೆ ಎಂದರೆ ಯಾರೂ ಬೇಗ ನಂಬುವುದಿಲ್ಲ. ಸ್ಲೋ ಕುಕ್ಕರ್ ಮಟ್ಟಿಗೆ ಅದು ನಿಜ. ಬಿಸಿ ಬರುವುದು ಪಾತ್ರೆಯ ತಳ ಮತ್ತು ಬದಿಗಳಿಂದ, ಆದ್ದರಿಂದ ಗಡ್ಡೆಗಳು ಕೆಳಗೆ, ಬದಿಗೆ ಒತ್ತಿಕೊಂಡಿರಲಿ, ಮಾಂಸ ಅವುಗಳ ಮೇಲಿರಲಿ. ಹೋಳು ಎರಡು-ಮೂರು ಸೆಂಟಿಮೀಟರ್ ಇರಲಿ. ಟೊಮೆಟೊ, ವಿನೆಗರ್, ನಿಂಬೆರಸದ ಹುಳಿ ತರಕಾರಿ ಮೆತ್ತಗಾಗುವುದನ್ನು ತಡೆಯುತ್ತದೆ, ಹುಳಿಯನ್ನು ಕೊನೆಗೆ ಬೆರೆಸಿ.

ಪ್ರಶ್ನೆ: ರಾಜ್ಮಾ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಿ ಲೋನಲ್ಲಿಟ್ಟೆ. ಊಟ ಮಾಡಿದ ಎರಡು ಗಂಟೆಗೆ ನಾಲ್ವರಿಗೂ ವಾಂತಿ, ಆಮೇಲೆ ಭೇದಿ. ಮಧ್ಯರಾತ್ರಿಯ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡೆವು. ಕಾಳು ಹಳೆಯದಿತ್ತೆ?

ಕಾಳಿನದು ತಪ್ಪಿಲ್ಲ. ಕೆಂಪು ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ನೀವು ಬರೆದ ಲಕ್ಷಣಗಳೇ ಬರಬಹುದು: ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ, ಆಮೇಲೆ ಭೇದಿ, ಕೆಲವು ಗಂಟೆಗಳಲ್ಲಿ ಇಳಿತ. ನಿಮ್ಮನ್ನು ನೋಡದೆ ಇದೇ ಎಂದು ಖಚಿತವಾಗಿ ಹೇಳಲಾರೆ, ಆದರೆ ನನ್ನ ಅನುಮಾನ ಮೊದಲು ಹೋಗುವುದು ಇದರ ಮೇಲೆಯೇ.

ನಾಜೂಕಿನ ಸಂಗತಿಯೆಂದರೆ, ಈ ವಿಷ ಹೋಗಬೇಕಾದರೆ ಕಾಳು ಜೋರಾಗಿ ಕುದಿಯಬೇಕು. 80 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗೆ ಕೂತ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ವಿಷವಾಗಬಹುದು. ಲೋನಲ್ಲಿಟ್ಟ ಕುಕ್ಕರ್ ಗಂಟೆಗಟ್ಟಲೆ ಇರುವುದು ಆ ವಲಯದಲ್ಲಿಯೇ. ಕಾಳು ಮೆತ್ತಗಾಗಿರುತ್ತದೆ, ಬೆಂದಂತೆ ಕಾಣುತ್ತದೆ, ಆದರೆ ವಿಷ ಒಳಗೇ ಉಳಿದಿರುತ್ತದೆ. ಬೆರಳಲ್ಲಿ ಹಿಸುಕಿ ನೋಡುವ ನಮ್ಮ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ತಮಾಷೆಯೆಂದರೆ, ಈ ಉಪಕರಣ ಹುಟ್ಟಿದ್ದೇ ಕಾಳು ಬೇಯಿಸಲು. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1940ರಲ್ಲಿ ಪಡೆದರು. ಮುಂದೆ ಮಾರಾಟಕ್ಕೆ ಬಂದ ಪಾತ್ರೆಯ ಹೆಸರೇ ನ್ಯಾಕ್ಸನ್ ಬೀನರಿ. 1970ರಲ್ಲಿ ಅವರ ಕಂಪನಿಯನ್ನು ಕೊಂಡ ರೈವಲ್ ಸಂಸ್ಥೆ ಮರುವರ್ಷ ಅದನ್ನು ಕ್ರಾಕ್-ಪಾಟ್ ಎಂದು ಮಾರಿತು. ಲಿಥುವೇನಿಯಾದ ಹಳ್ಳಿಯಲ್ಲಿ ಶುಕ್ರವಾರ ಸಂಜೆ ಕಾಳು-ಮಾಂಸದ ಮಡಕೆಯನ್ನು ಬೇಕರಿಯ ಒಲೆಯೊಳಗೆ ಬಿಟ್ಟು, ಆರುತ್ತಿರುವ ಬಿಸಿಯಲ್ಲೇ ಬೇಯಿಸುತ್ತಿದ್ದ ಕಥೆಯನ್ನು ತಾಯಿಯಿಂದ ಕೇಳಿ ಅವರಿಗೆ ಇದು ಹೊಳೆಯಿತಂತೆ. ಒಂದು ವ್ಯತ್ಯಾಸ ಗಮನಿಸಿ. ಬ್ರೆಡ್ ಸುಟ್ಟ ಒಲೆ ಮೊದಲು ಕಾದಿರುತ್ತದೆ, ಆಮೇಲೆ ಮೆಲ್ಲಗೆ ಆರುತ್ತದೆ. ನಮ್ಮ ಕುಕ್ಕರ್ ತಣ್ಣಗೆ ಶುರುವಾಗಿ ಮೆಲ್ಲಗೆ ಬಿಸಿಯಾಗುತ್ತದೆ. ಆರಂಭದ ಆ ಕಾವನ್ನು ನಾವೇ ಕೊಡಬೇಕು.

ಹೀಗೆ ಮಾಡಿ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಒಲೆಯ ಮೇಲೆ ಕುದಿ ಬರಿಸಿ. ಗುಳುಗುಳು ಎಂದು ಪೂರ್ತಿ ಕುದಿಯುವ ನೀರಿನಲ್ಲಿ 10 ನಿಮಿಷಕ್ಕೆ ವಿಷ ನಾಶವಾಗುತ್ತದೆ. ಎಲ್ಲ ಕಾಳಿಗೂ ಕಾವು ತಲುಪಲಿ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 30 ನಿಮಿಷ ಹೇಳುತ್ತದೆ, ನಾನು 30ರ ಪಕ್ಷ. ಆ ನೀರನ್ನೂ ಬಸಿದು ಕಾಳನ್ನು ಸ್ಲೋ ಕುಕ್ಕರಿಗೆ ಹಾಕಿ. ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದ ಕಾಳು, ಡಬ್ಬಿಯಲ್ಲಿ ಬರುವ ಬೆಂದ ಕಾಳು ಎರಡಕ್ಕೂ ಈ ಭಯವಿಲ್ಲ. ಬಿಳಿ ರಾಜ್ಮಾದಲ್ಲಿ ವಿಷ ಕಡಿಮೆ, ಆದರೂ ಕುದಿಸಿಯೇ ಹಾಕಿ. ಒಡೆದ ಬೇಳೆಗಳನ್ನು ನೇರವಾಗಿ ಹಾಕಬಹುದು.

ಪ್ರಶ್ನೆ: ಮನೆ ಬಿಡುವುದು ಎಂಟಕ್ಕೆ, ಸೇರುವುದು ಆರಕ್ಕೆ. ಪುಸ್ತಕದ ಅಡುಗೆಗಳೆಲ್ಲ ಆರೇಳು ಗಂಟೆಯವು. ಹತ್ತು ಗಂಟೆ ತಡೆಯುವಂಥದ್ದು ಏನಿದೆ? ಟೈಮರ್ ಹಾಕಿ ತಡವಾಗಿ ಶುರು ಮಾಡಬಹುದೆ?

ಟೈಮರ್ ಬೇಡ. ಹಸಿ ಮಾಂಸ 5ರಿಂದ 60 ಡಿಗ್ರಿ ನಡುವೆ ಎರಡು ಗಂಟೆಗಿಂತ ಹೆಚ್ಚು ಕೂತಿರಬಾರದು. ಶುರು ತಡವಾಗುವುದಕ್ಕಿಂತ, ಬೆಂದಾದ ಮೇಲೆ ತಾನೇ ವಾರ್ಮ್‌ಗೆ ಬದಲಾಗುವ ಮಾದರಿ ಒಳ್ಳೆಯದು. ಎಂಟು ಗಂಟೆ ಲೋ, ಉಳಿದೆರಡು ಗಂಟೆ ವಾರ್ಮ್. ವಾರ್ಮ್ ಇರುವುದು ಬೆಂದದ್ದನ್ನು ಬಿಸಿಯಾಗಿಡಲು ಮಾತ್ರ, ಅದರಲ್ಲಿ ಬೇಯಿಸುವುದಾಗಲಿ, ತಂಗಳನ್ನು ಬಿಸಿಮಾಡುವುದಾಗಲಿ ಕೂಡದು.

ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಗೆ ತುಸು ಕೆಳಗಿನ ಒಂದೇ ಹದವನ್ನು, ಹೈ ಅಲ್ಲಿಗೆ ಬೇಗ ಹೋಗುತ್ತದೆ ಅಷ್ಟೆ. ಹೈನ ಒಂದು ಗಂಟೆ ಲೋನ ಎರಡು ಗಂಟೆಗೆ ಸಮ ಎಂದು ಅಂದಾಜಿಸಿ.

ಹೊತ್ತು ತಡೆಯುವುದು ಬಿಡುವುದು ಏನನ್ನು ಹಾಕುತ್ತೀರಿ ಎಂಬುದರ ಮೇಲಿದೆ. ಭುಜ, ಕಾಲಿನ ಗಟ್ಟಿ ಮಾಂಸದಲ್ಲಿ ಕೊಲಾಜನ್ ಎಂಬ ನಾರು ಹೆಚ್ಚು. ಹೊತ್ತು ಸಿಕ್ಕಷ್ಟೂ ಅದು ಕರಗಿ ಜೆಲಟಿನ್ ಆಗುತ್ತದೆ, ಬಾಯಿಗೆ ಮೆತ್ತಗೆ, ಸಾರಿಗೆ ಮಂದ. ಕೋಳಿಯ ಎದೆಭಾಗದಲ್ಲಿ ಆ ನಾರು ತೀರ ಕಡಿಮೆಯಾದ್ದರಿಂದ ಹತ್ತು ಗಂಟೆಗೆ ಹತ್ತಿಯಂತಾಗುತ್ತದೆ. ಕೋಳಿಯೇ ಬೇಕಾದರೆ ಮೂಳೆ ಸಹಿತದ ತೊಡೆ ತನ್ನಿ, ಅದೂ ರಜಾದಿನಕ್ಕೆ. ಮೀನು, ಸೀಗಡಿ ಈ ಪಾತ್ರೆಯ ಪಾಲಿಗಲ್ಲ. ದುಬಾರಿ ಮೆದು ಮಾಂಸ ತಂದು ಇದಕ್ಕೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವಾರಕ್ಕೊಮ್ಮೆ ನಾನು ಮಾಡುವುದು ಇದು. ಐದಾರು ಜನಕ್ಕೆ, ಐದು-ಆರು ಲೀಟರಿನ ಪಾತ್ರೆಗೆ: ಕುರಿಯ ಭುಜದ ಮಾಂಸ 1 ಕಿಲೋ, ಆಲೂಗಡ್ಡೆ ಅರ್ಧ ಕಿಲೋ, ಕ್ಯಾರೆಟ್ 3, ಈರುಳ್ಳಿ 2, ಬಾರ್ಲಿ 100 ಗ್ರಾಂ, ನೀರು ಮುಕ್ಕಾಲು ಲೀಟರ್, ಕಾಳುಮೆಣಸು, ಉಪ್ಪು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಈರುಳ್ಳಿ ಹುರಿದು, ಕ್ಯಾರೆಟ್ ಹೆಚ್ಚಿ ಡಬ್ಬಿಗೆ ಹಾಕುತ್ತೇನೆ. ಬೆಳಿಗ್ಗೆ ಆಲೂಗಡ್ಡೆ ಹೆಚ್ಚುವಷ್ಟರಲ್ಲಿ ಮಾಂಸ ಕಂದಾಗಿರುತ್ತದೆ. ಗಡ್ಡೆ ಕೆಳಗೆ, ಬಾರ್ಲಿ ನಡುವೆ, ಮಾಂಸ ಮೇಲೆ, ನೀರನ್ನು ಕುದಿಸಿಯೇ ಸುರಿಯುತ್ತೇನೆ. ಲೋನಲ್ಲಿ 8ರಿಂದ 9 ಗಂಟೆ. ಸಂಜೆ ಚಮಚದಲ್ಲಿ ಒತ್ತಿದರೆ ಮಾಂಸ ಎಳೆ ಎಳೆಯಾಗಿ ಬಿಡಬೇಕು. ಅರ್ಧ ನಿಂಬೆ ಹಿಂಡಿ, ಉಪ್ಪು ನೋಡಿ ಬಡಿಸುವುದು. ಬೆಳಗಿನ ಕೆಲಸ ಇಪ್ಪತ್ತು ನಿಮಿಷ. ಸ್ಲೋ ಕುಕ್ಕರ್ ಕೆಲಸವನ್ನೇ ಇಲ್ಲವಾಗಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ, ಸಂಜೆಯ ಕೆಲಸವನ್ನು ಬೆಳಿಗ್ಗೆಗೆ ತಳ್ಳುತ್ತದೆ, ಅಷ್ಟೆ.

ಪಾತ್ರೆ ಅರ್ಧದಿಂದ ಮುಕ್ಕಾಲು ತುಂಬಿರಲಿ. ತೀರ ಕಡಿಮೆಯಿದ್ದರೆ ತಳ ಹಿಡಿಯುತ್ತದೆ, ಕಂಠಮಟ್ಟ ತುಂಬಿದರೆ ನಡುವೆ ಬೇಯುವುದಿಲ್ಲ. ಮನೆಯಲ್ಲಿದ್ದಾಗ ಮುಚ್ಚಳ ತೆಗೆದು ಇಣುಕುವ ಚಪಲ ಬೇಡ, ಒಂದೊಂದು ಇಣುಕಿಗೂ ಅಡುಗೆ ಸುಮಾರು 20 ನಿಮಿಷ ಹಿಂದೆ ಬೀಳುತ್ತದೆ.

ಪ್ರಶ್ನೆ: ಫ್ರೀಜರಿನಲ್ಲಿದ್ದ ಕೋಳಿಯನ್ನು ಹಾಗೇ ಹಾಕಬಹುದೆ? ಹೇಗೂ ಎಂಟು ಗಂಟೆ ಬೇಯುತ್ತದಲ್ಲ.

ಬೇಡ. ಗಡ್ಡೆ ಕಟ್ಟಿದ ಮಾಂಸ ಅಪಾಯದ ಬಿಸಿಯನ್ನು ದಾಟಲು ತೀರ ಹೊತ್ತು ಹಿಡಿಯುತ್ತದೆ. ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟಿಗೆ ಇಳಿಸಿಡಿ. ಬೆಂದಾಗ ಕೋಳಿಯ ಒಳಗೆ 74 ಡಿಗ್ರಿ ಆಗಿರಬೇಕು.

ಪ್ರಶ್ನೆ: ಕ್ರೀಮ್ ಹಾಕಿದರೆ ಒಡೆಯುತ್ತದೆ, ಸೊಪ್ಪು ಕಪ್ಪಾಗುತ್ತದೆ.

ಎರಡನ್ನೂ ಕೊನೆಯ ಕಾಲು ಗಂಟೆಗೆ ಹಾಕಿ. ಬಟಾಣಿಯೂ ಕೊನೆಗೇ. ಇಡೀ ಮಸಾಲೆ ಇದಕ್ಕೆ ತದ್ವಿರುದ್ಧ, ಹೊತ್ತು ಕಳೆದಂತೆ ಏರುತ್ತದೆ. ಲವಂಗ, ಚಕ್ಕೆ ಒಲೆಯ ಅಡುಗೆಗೆ ಹಾಕುವುದರಲ್ಲಿ ಅರ್ಧ ಸಾಕು.

ಪ್ರಶ್ನೆ: ಇಡೀ ದಿನ ಉರಿದರೆ ವಿದ್ಯುತ್ ಬಿಲ್ ಏನಾಗಬೇಕು? ನಡುವೆ ವಿದ್ಯುತ್ ಹೋದರೆ?

ಸಾಮಾನ್ಯ ಕುಟುಂಬದ ಕುಕ್ಕರ್ 200ರಿಂದ 300 ವಾಟಿನದು. 250 ವಾಟ್ ಎಂಟು ಗಂಟೆ ಬಿಡದೆ ಎಳೆದರೂ 2 ಯೂನಿಟ್.

ವಿದ್ಯುತ್ ಹೋದಾಗ ನೀವು ಮನೆಯಲ್ಲಿದ್ದರೆ ತಕ್ಷಣ ಗ್ಯಾಸ್ ಒಲೆಗೆ ಬೇರೆ ಪಾತ್ರೆಯಲ್ಲಿ ದಾಟಿಸಿ ಬೇಯಿಸಿ. ಮನೆಯಲ್ಲಿಲ್ಲದಾಗ ಹೋಗಿ ಬಂದಿದೆ, ಎಷ್ಟು ಹೊತ್ತೆಂದು ತಿಳಿಯದು ಎಂದಾದರೆ ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಮೂಗಿಗೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ಚೆನ್ನಾಗಿದೆ ಎಂದಲ್ಲ.

ಪ್ರಶ್ನೆ: ರಾತ್ರಿಯೇ ಎಲ್ಲವನ್ನೂ ಒಳಪಾತ್ರೆಗೆ ತುಂಬಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಸ್ವಿಚ್ ಒತ್ತಿದರೆ ಆಗದೆ?

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಫ್ರಿಜ್‌ನಿಂದ ತೆಗೆದ ಪಿಂಗಾಣಿ ಪಾತ್ರೆಗೆ ಕುದಿನೀರು ಸುರಿದೆ. ಟಕ್ ಎಂದಿತು, ಬಾಯಿಯಿಂದ ತಳದವರೆಗೆ ಗೀರು, ಕಟ್ಟೆಯ ಮೇಲೆಲ್ಲ ನೀರು. ಅವತ್ತು ರಾತ್ರಿ ನಾವು ಬ್ರೆಡ್ ತಿಂದೆವು. ಪಾತ್ರೆ ಒಡೆಯದಿದ್ದರೂ, ಅಷ್ಟು ತಣ್ಣಗಿನ ಪಿಂಗಾಣಿ ಕಾಯುವುದರಲ್ಲೇ ಅಡುಗೆಯ ಹೊತ್ತು ಕಳೆದುಹೋಗುತ್ತದೆ. ಹೆಚ್ಚಿದ ತರಕಾರಿ ಒಂದು ಡಬ್ಬಿಯಲ್ಲಿ, ಹಸಿ ಮಾಂಸ ಇನ್ನೊಂದರಲ್ಲಿ ಫ್ರಿಜ್‌ನಲ್ಲಿರಲಿ, ಪಾತ್ರೆ ಹೊರಗೇ ಇರಲಿ. ಊಟವಾಗಿ ಮಿಕ್ಕ ಅಡುಗೆಯನ್ನೂ ಒಳಪಾತ್ರೆಯಲ್ಲಿ ಇಡಬೇಡಿ: ಎರಡು ಗಂಟೆಯೊಳಗೆ ಅಗಲವಾದ ತಗ್ಗು ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಇಡಿ, ಮೂರು-ನಾಲ್ಕು ದಿನದೊಳಗೆ ಒಲೆಯ ಮೇಲೆ ಕುದಿಸಿ ಮುಗಿಸಿ.