ವಾರ್ಡು ಬಿಟ್ಟು ಓಣಿಗೆ ಇಳಿಯುವ ನರ್ಸ್‌ಗಳ ಪ್ರಶ್ನೆಗಳು

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಐಸಿಯು ಡ್ಯೂಟಿ ಮಾಡುತ್ತಿದ್ದೇನೆ. ಸಾರ್ವಜನಿಕ ಆರೋಗ್ಯದ ಕಡೆ ಬರುವಾಸೆ. ಕಮ್ಯುನಿಟಿ ಹೆಲ್ತ್ ಎಂ.ಎಸ್ಸಿ. ಮಾಡಲೋ, ಗದಗದಲ್ಲಿ ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲೋ?
– ಸ್ಟಾಫ್ ನರ್ಸ್, ಹುಬ್ಬಳ್ಳಿ

ಉತ್ತರ: ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗುವ ಮನಸ್ಸಿದ್ದರೆ ಎಂ.ಎಸ್ಸಿ.ಯೇ ಬೇಕು. ಅಲ್ಲಿ ಎಂ.ಪಿ.ಎಚ್. ನಡೆಯುವುದಿಲ್ಲ, ಅದು ನರ್ಸಿಂಗ್ ಪದವಿಯಲ್ಲ. ಸಮೀಕ್ಷೆ, ಅಂಕಿಅಂಶ, ಆರೋಗ್ಯ ಯೋಜನೆಗಳ ಮೇಲ್ವಿಚಾರಣೆ ಇಷ್ಟವೆಂದರೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಎಂ.ಪಿ.ಎಚ್. ವಿಚಾರಿಸಿ. ಉಪಕೇಂದ್ರದಲ್ಲಿ ಸಿ.ಎಚ್.ಒ. (ಸಮುದಾಯ ಆರೋಗ್ಯ ಅಧಿಕಾರಿ) ಆಗಬೇಕೆಂದರೆ ಇವೆರಡೂ ಬೇಕಿಲ್ಲ. ಬಿ.ಎಸ್ಸಿ. ಜೊತೆಗೆ ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೇಳುತ್ತಿದ್ದರು. 2021ರ ಹೊಸ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಆ ಭಾಗವನ್ನೇ ಸೇರಿಸಿದ್ದಾರೆ. ಬರೀ ಆ ಹುದ್ದೆಗಾಗಿ ಎರಡು ವರ್ಷ ಎಂ.ಎಸ್ಸಿ. ಮಾಡುವುದು ನಷ್ಟದ ವ್ಯಾಪಾರ.

ಎಂ.ಎಸ್ಸಿ.ಗೆ ಭಾರತೀಯ ಶುಶ್ರೂಷಾ ಪರಿಷತ್ತು ಕೇಳುವುದು ಪದವಿಯಲ್ಲಿ ಶೇ. 55 ಅಂಕ (ಪರಿಶಿಷ್ಟರಿಗೆ ಶೇ. 50), ರಾಜ್ಯ ಪರಿಷತ್ತಿನ ನೋಂದಣಿ ಮತ್ತು ಪದವಿಯ ನಂತರ ಒಂದು ವರ್ಷದ ಕೆಲಸ. ಪೆಟ್ಟು ಬೀಳುವುದು ಈ ಕೊನೆಯದರಲ್ಲಿ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ ಇರುವುದಿಲ್ಲ, ಇಲ್ಲವೇ ಕೆಲಸ ನೋಂದಣಿಗೂ ಮುಂಚಿನದಾಗಿರುತ್ತದೆ. ನೇಮಕಪತ್ರ, ಬಿಡುಗಡೆ ಪತ್ರ, ಸಂಬಳ ಬ್ಯಾಂಕಿಗೆ ಬಿದ್ದ ದಾಖಲೆ ಈ ಮೂರನ್ನೂ ಕೈಯಲ್ಲಿಟ್ಟುಕೊಂಡೇ ಅರ್ಜಿ ಹಾಕಿ. ಅಂಚೆ ಮೂಲಕ ಎಂ.ಎಸ್ಸಿ. ಕೊಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪರಿಷತ್ತು ಅದನ್ನು ಮಾನ್ಯ ಮಾಡುವುದಿಲ್ಲ.

ಪ್ರಶ್ನೆ: ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ನಂತರ ಕೆಲಸ ಮಾಡಿ, ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿದೆ. ಎಂ.ಎಸ್ಸಿ.ಗೆ ಮೊದಲಿನ ಅನುಭವ ಲೆಕ್ಕಕ್ಕಿದೆಯೇ?
– ಓದುಗರು, ಹಾವೇರಿ

ಉತ್ತರ: ಇದೆ. ಪೋಸ್ಟ್ ಬೇಸಿಕ್‌ನವರಿಗೆ ಆ ಒಂದು ವರ್ಷ ಮುಂಚಿನದಾದರೂ ನಡೆಯುತ್ತದೆ, ನಂತರದ್ದಾದರೂ ನಡೆಯುತ್ತದೆ.

ಪ್ರಶ್ನೆ: ಕಾಲೇಜು ಆರಿಸುವಾಗ ಏನು ನೋಡಬೇಕು?
– ಓದುಗರು, ಧಾರವಾಡ

ಉತ್ತರ: ಕಟ್ಟಡವನ್ನಲ್ಲ, ಕ್ಷೇತ್ರವನ್ನು ನೋಡಿ. ಎಂ.ಎಸ್ಸಿ.ಯಲ್ಲಿ ಕಮ್ಯುನಿಟಿ ಹೆಲ್ತ್ ವಿಷಯಕ್ಕೆ ಮೊದಲ ವರ್ಷ 150 ಗಂಟೆ ಪಾಠ, 650 ಗಂಟೆ ಪ್ರಾಯೋಗಿಕ. ಎರಡನೇ ವರ್ಷ 150 ಮತ್ತು 950. ಅಂದರೆ 1,600 ಗಂಟೆ ನೀವು ಹಳ್ಳಿಯಲ್ಲಿ, ಓಣಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕಾದವರು. ಯಾವ ಕೇಂದ್ರ, ಎಷ್ಟು ದೂರ, ಬಸ್ಸಿದೆಯೇ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಆ 1,600 ಗಂಟೆ ರಿಜಿಸ್ಟರಿನಲ್ಲಷ್ಟೇ ತುಂಬುತ್ತದೆ.

ಪ್ರಶ್ನೆ: ನವಲಗುಂದ ತಾಲ್ಲೂಕಿನ ಗರ್ಭಿಣಿಯರ ರಕ್ತಹೀನತೆ ನನ್ನ ಪ್ರಬಂಧದ ವಿಷಯ. 100 ಜನ ಸಾಕೇ? ಹೋದಾಗಲೆಲ್ಲ ಮನೆಗೆ ಕೀಲಿ ಹಾಕಿರುತ್ತದೆ.
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ನೂರು ಸಾಕೋ ಇಲ್ಲವೋ ಎಂಬುದನ್ನು ಲೆಕ್ಕವೇ ಹೇಳಲಿ. ನೂರಕ್ಕೆ 50 ಜನರಲ್ಲಿ ರಕ್ತಹೀನತೆ ಇದೆ ಎಂದು ಊಹಿಸಿ, 4 × 50 × 50 ಮಾಡಿದರೆ 10,000. ಇದನ್ನು, ನೀವು ಒಪ್ಪುವ ತಪ್ಪಿನ ವರ್ಗದಿಂದ (ಅದನ್ನು ಅದರಿಂದಲೇ ಗುಣಿಸಿದ ಅಂಕಿಯಿಂದ) ಭಾಗಿಸಿ. ಹತ್ತು ಅಂಶ ಆಚೀಚೆಯಾದರೂ ನಡೆದೀತು ಎಂದರೆ 100 ಜನ. ಐದೇ ಅಂಶ ಎಂದರೆ 400. ಊರುಗಳನ್ನು ಆರಿಸಿ ಆ ಊರಿನವರನ್ನಷ್ಟೇ ನೋಡುವುದಾದರೆ ಇದು ಸುಮಾರು ಇಮ್ಮಡಿಯಾಗುತ್ತದೆ.

ಕೀಲಿಯ ಮಾತು: ಹೆಸರುಕಾಳು ಬಿಡಿಸುವ ಕಾಲದಲ್ಲಿ ಹನ್ನೊಂದು ಗಂಟೆಗೆ ಹೋದರೆ ಇನ್ನೇನಾಗುತ್ತದೆ! ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಹೊತ್ತು ಇಳಿದ ಮೇಲೆ ಹೋಗಿ, ಆಶಾ ಜೊತೆಗಿರಲಿ. ಇದಕ್ಕಿಂತ ದೊಡ್ಡ ಗೋಳು ತವರು. ಚೊಚ್ಚಲ ಬಸುರಿ ತವರಿಗೆ ಹೋಗಿರುತ್ತಾಳೆ, ರಿಜಿಸ್ಟರಿನಲ್ಲಿ ಹೆಸರು ಗಂಡನ ಊರಲ್ಲೇ ಇರುತ್ತದೆ. ಅತ್ತ ಇನ್ನೊಂದು ಊರಿನ ರಿಜಿಸ್ಟರಿನಲ್ಲಿರುವವಳು ನಿಮ್ಮೆದುರು ಕಟ್ಟೆಯ ಮೇಲೆ ಕೂತಿರುತ್ತಾಳೆ. ಆರು ತಿಂಗಳಿಂದ ಊರಲ್ಲಿರುವವರೋ, ಸಮೀಕ್ಷೆಯ ದಿನ ಇದ್ದವರೆಲ್ಲರೋ, ಒಂದನ್ನು ಮೊದಲೇ ಬರೆದಿಡಿ. ಅರ್ಧ ದಾರಿಯಲ್ಲಿ ಬದಲಿಸಿದರೆ ನಿಮ್ಮ ಅಂಕಿ ಯಾರದ್ದೂ ಆಗುವುದಿಲ್ಲ.

ರಕ್ತ ತೆಗೆಯುವಾಗ ಉಂಗುರ ಬೆರಳಿನ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ. ಮೊದಲ ಹನಿ ಒರೆಸಿಬಿಡಿ. ರಕ್ತ ಬರಲಿಲ್ಲವೆಂದು ಬೆರಳು ಹಿಂಡಿದರೆ ಜೀವಕೋಶಗಳ ನಡುವಿನ ದ್ರವ ಸೇರಿ ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನೂರು ಮಿ.ಲೀ. ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವಾಗ ಇಂಥ ಸಣ್ಣ ತಪ್ಪೇ ಹಲವರನ್ನು ಗೆರೆಯಿಂದ ಕೆಳಗೆ ತಳ್ಳಿಬಿಡುತ್ತದೆ.

‘ಐರನ್ ಗುಳಿಗೆ ನುಂಗೀರೇನ್ರಿ?’ ಎಂದು ಕೇಳಬೇಡಿ. ನರ್ಸಬಾಯಿ ಕೇಳಿದರೆ ಯಾರಾದರೂ ‘ಹೂಂ’ ಅಂತಾರೆ. ಕೊಟ್ಟದ್ದು ಎಷ್ಟು, ಯಾವಾಗ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಉಳಿದ ಗುಳಿಗೆ ತರಿಸಿ ಎಣಿಸಿ. ಯಾವುದರ ಜೊತೆ ನುಂಗುತ್ತಾರೆಂದೂ ಕೇಳಿ, ಚಹಾದ ಜೊತೆಗಾದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಯಾರದ್ದಾದರೂ 7 ಗ್ರಾಂಗಿಂತ ಕೆಳಗೆ ಬಂದರೆ ಪ್ರಶ್ನಾವಳಿ ಪಕ್ಕಕ್ಕಿಡಿ, ಅದೇ ದಿನ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಮುಟ್ಟಿದರೋ ಇಲ್ಲವೋ ಎಂದು ಮರುದಿನ ಆಶಾ ಅವರಿಗೆ ಫೋನ್ ಮಾಡಿ.