ನೀರಿನ ಮಾತು: ಮೀನು ಸತ್ತದ್ದು ವಿಷದಿಂದಲೋ, ಉಸಿರುಗಟ್ಟಿಯೋ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿ ಒಂದು ಮನೆಯ ಮಾನದ ಪ್ರಶ್ನೆ ಇದೆ.

ಪ್ರಶ್ನೆ: ಅಕ್ಕನವರೇ, ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನ ಹಳ್ಳಿ. ಊರಿನ ಹೆಸರು ಹಾಕಬೇಡಿ. ಕೆಲವು ವರ್ಷಗಳಿಂದ ನಮ್ಮ ಕೆರೆಗೆ ಕೃಷ್ಣೆಯ ನೀರು ಬರುತ್ತಿದೆ, ಸಂಘದಿಂದ ಮೀನುಮರಿ ಬಿಟ್ಟಿದ್ದೆವು. ಶ್ರಾವಣದಲ್ಲಿ ಮೂರು ದಿನ ಮೋಡ ಕವಿದಿತ್ತು, ಗಾಳಿ ಬಿದ್ದುಹೋಗಿತ್ತು. ನಾಲ್ಕನೆಯ ದಿನ ನಸುಕಿನಲ್ಲಿ ನೋಡಿದರೆ ದೊಡ್ಡ ದೊಡ್ಡ ಕಟ್ಲಾ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊರವ ಮೀನು, ಚೇಳು ಮೀನು ಒಂದೂ ಸತ್ತಿಲ್ಲ. ಕಪ್ಪೆಗಳು ಎಂದಿನಂತೆ ವಟಗುಟ್ಟುತ್ತಿದ್ದವು. ಪಕ್ಕದ ಹೊಲದವರು ಹಿಂದಿನ ದಿನ ಹತ್ತಿಗೆ ಔಷಧ ಹೊಡೆದಿದ್ದರು. ಅವರೇ ವಿಷ ಬಿಟ್ಟರೆಂದು ಊರೆಲ್ಲ ಮಾತಾಗಿ, ಆ ಮನೆಯವರೊಂದಿಗೆ ಕೊಟ್ಟುಕೊಳ್ಳುವುದೂ ನಿಂತಿದೆ. ಈಗ ನೀರಿನ ಪರೀಕ್ಷೆ ಮಾಡಿಸಿದರೆ ಸತ್ಯ ತಿಳಿಯುತ್ತದೆಯೇ?

ಉತ್ತರ: ಇಷ್ಟು ದಿನಗಳಾದ ಮೇಲೆ ಬಾಟಲಿಯಲ್ಲಿ ನೀರು ತುಂಬಿ ಕಳುಹಿಸಿದರೆ ಏನೂ ಸಿಗುವುದಿಲ್ಲ. ಆದರೆ ನೀವು ಕಣ್ಣಾರೆ ಕಂಡು ಬರೆದ ವಿವರಗಳು ಪ್ರಯೋಗಾಲಯದ ವರದಿಗೆ ಕಡಿಮೆಯಿಲ್ಲ. ಅವುಗಳನ್ನು ಮೂರು ಸಲ ಓದಿದೆ. ಆ ಮೀನುಗಳು ಉಸಿರುಗಟ್ಟಿ ಸತ್ತಿವೆ ಎಂದೇ ನನ್ನ ತೀರ್ಮಾನ. ಔಷಧ ಹೊಡೆದ ದಿನವೂ ಮೀನು ಸತ್ತ ದಿನವೂ ಒಟ್ಟಿಗೆ ಬಂದವು ಎಂಬುದನ್ನು ಬಿಟ್ಟರೆ, ಪಕ್ಕದ ಹೊಲದವರನ್ನು ದೂರಲು ನಿಮ್ಮ ಪತ್ರದಲ್ಲಿ ಒಂದು ಕಾರಣವೂ ನನಗೆ ಕಾಣಲಿಲ್ಲ.

ಯಾವುದು ಸತ್ತಿತು, ಯಾವುದು ಉಳಿಯಿತು ನೋಡಿ. ಕೊರವ ಮೀನಿಗೂ ಚೇಳು ಮೀನಿಗೂ ನೀರಿನ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಿ ಬದುಕುವ ಶಕ್ತಿ ಇದೆ. ಕಟ್ಲಾಕ್ಕೆ ಅದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವೇ ಅದಕ್ಕೆ ಗತಿ, ಅದರಲ್ಲೂ ದೊಡ್ಡ ಮೀನು ಮೊದಲು ಸೋಲುತ್ತದೆ. ಕಪ್ಪೆ ಗಾಳಿಯಲ್ಲಿ ಉಸಿರಾಡುವ ಪ್ರಾಣಿ. ಕೀಟನಾಶಕಕ್ಕೆ ಇಂಥ ಪಂಕ್ತಿಭೇದ ಗೊತ್ತಿಲ್ಲ. ಅದು ಕೆರೆಗೆ ಬಿದ್ದಿದ್ದರೆ ನೀರಹುಳುಗಳು, ಸಣ್ಣ ಮರಿಗಳು ಮೊದಲು ಸಾಯುತ್ತಿದ್ದವು, ಕೊರವ ಮೀನೂ ಉಳಿಯುತ್ತಿರಲಿಲ್ಲ. ಸಾಯುವುದಕ್ಕೆ ನಸುಕೇ ಆಗಬೇಕೆಂದೂ ಇರಲಿಲ್ಲ.

ಹಸಿರುಗಟ್ಟಿದ ಕೆರೆಯಲ್ಲಿ ಹಗಲು ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ಪಾಚಿ, ಮೀನು, ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಹಗಲು ಕೂಡಿಟ್ಟದ್ದನ್ನು ತಿನ್ನುತ್ತಾ ಹೋಗುತ್ತವೆ. 30 ಡಿಗ್ರಿ ಬಿಸಿಯಿರುವ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಮೀನು ಸಾಕಣೆಯ ನೀರಿನಲ್ಲಿ ಕನಿಷ್ಠ 4 ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮೂರು ದಿನ ಬಿಸಿಲಿಲ್ಲದಿದ್ದರೆ ಗಳಿಕೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಗಾಳಿ ಬೀಸಿ ಅಲೆ ಎದ್ದಿದ್ದರೆ ಮೇಲಿನಿಂದ ಒಂದಿಷ್ಟು ಬೆರೆಯುತ್ತಿತ್ತು, ನಿಮ್ಮಲ್ಲಿ ಅದೂ ಇರಲಿಲ್ಲ. ಬೆಳಕು ಹರಿಯುವ ಮುಂಚಿನ ಗಳಿಗೆಯಲ್ಲಿ ಕೆರೆ ಬರಿದಾಗುತ್ತದೆ.

ನಾನು ಇದನ್ನು ಮೊದಲು ಕಣ್ಣಾರೆ ಕಂಡದ್ದು ಇಂಡಿ ತಾಲ್ಲೂಕಿನ ಒಂದು ಕೆರೆಯಲ್ಲಿ, ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಮ್ಲಜನಕವನ್ನು ಅಳೆಯಲು ಹಂಗೇರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ವಿಧಾನವನ್ನೇ ಆಗಲೂ ಬಳಸುತ್ತಿದ್ದೆವು. 300 ಮಿಲಿಲೀಟರಿನ ಗಾಜಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ನೀರಿನೊಳಗೇ ತುಂಬಿ, ಎರಡು ದ್ರಾವಣಗಳನ್ನು ತಳಕ್ಕೆ ಬಿಟ್ಟು, ಬಿರಡೆ ಹಾಕಿ ತಿರುವಿ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಮೋಡದಂತೆ ಇಳಿಯುತ್ತದೆ, ಇಲ್ಲದಿದ್ದರೆ ಗಸಿ ಬೆಳ್ಳಗಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ತುಂಬಿದ ಸೀಸೆಯಲ್ಲಿ ಗಸಿ ಕುದಿಸಿದ ಚಹಾಪುಡಿಯ ಬಣ್ಣದ್ದಾಗಿತ್ತು. ಕೆರೆ ಚೆನ್ನಾಗಿದೆಯೆಂದು ಬರೆದುಕೊಂಡೆ. ಆ ರಾತ್ರಿ ಊರಲ್ಲೇ ಉಳಿದು, ಕೋಳಿ ಕೂಗುವ ಹೊತ್ತಿಗೆ ಅದೇ ಕಲ್ಲಿನ ಮೇಲೆ ಕೂತು ಇನ್ನೊಂದು ಸೀಸೆ ತುಂಬಿದೆ. ಟಾರ್ಚಿನ ಬೆಳಕಿನಲ್ಲಿ ಗಸಿ ಇಳಿಯಿತು, ಸುಣ್ಣದ ನೀರಿನಷ್ಟು ಬಿಳಿ. ದಂಡೆಯುದ್ದಕ್ಕೂ ಮೀನುಗಳು ತಲೆ ಮೇಲೆತ್ತಿ ಬಾಯಿ ಬಡಿಯುತ್ತಿದ್ದವು, ಆ ಪಚಪಚ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಿಂದಿನ ದಿನ ಬರೆದುಕೊಂಡ ಸಾಲನ್ನು ಹೊಡೆದುಹಾಕಿದೆ. ಅಂದಿನಿಂದ ಹಗಲು ಹನ್ನೊಂದಕ್ಕೆ ಹೋಗಿ ನೀರು ತಂದು 'ಕೆರೆ ಸರಿಯಾಗಿದೆ' ಎಂದು ಬರೆಯುವ ವರದಿಯನ್ನು ನಾನು ನಂಬಿಲ್ಲ.

ಇನ್ನು, ನಿಮ್ಮ ಕೆರೆ ಇಷ್ಟು ಹಸಿರಾದದ್ದು ಏಕೆ? ಕೆರೆ ತುಂಬಿಸುವ ಯೋಜನೆಯಿಂದ ನಮ್ಮ ಜಿಲ್ಲೆಗೆ ಆದ ಉಪಕಾರ ದೊಡ್ಡದು, ಬತ್ತಿದ ಬಾವಿಗಳಲ್ಲಿ ನೀರು ಕಂಡವರು ಅದನ್ನು ಮರೆಯಲಾರರು. ಆದರೆ ಹಳೆಯ ಕೆರೆಯ ಒಂದು ಪದ್ಧತಿ ಅದರೊಂದಿಗೆ ತಪ್ಪಿಹೋಯಿತು. ಮೊದಲು ಯುಗಾದಿಯ ಸುಮಾರಿಗೆ ಕೆರೆ ಒಣಗುತ್ತಿತ್ತು, ತಳ ಬಿರಿಯುತ್ತಿತ್ತು, ರೈತರು ಗೋಡುಮಣ್ಣನ್ನು ಚಕ್ಕಡಿಗಳಲ್ಲಿ ಹೊಲಕ್ಕೆ ಹೇರುತ್ತಿದ್ದರು. ವರ್ಷದ ಹೊಲಸು ಬಿಸಿಲಿಗೆ ಸುಟ್ಟುಹೋಗುತ್ತಿತ್ತು, ಸಾರ ಹೊಲಕ್ಕೆ ಮರಳುತ್ತಿತ್ತು. ಈಗ ನೀರು ಬತ್ತುವುದೇ ಇಲ್ಲ. ಊರ ಚರಂಡಿ, ದನ ತೊಳೆದ ನೀರು, ಬಟ್ಟೆಯ ಸೋಪು, ಹೊಲದ ಗೊಬ್ಬರ ಎಲ್ಲವೂ ತಳದಲ್ಲಿ ಕೂಡುತ್ತಾ ಹೋಗುತ್ತವೆ. ಇಂಗ್ಲೆಂಡಿನ ಸರೋವರಗಳ ತಳವನ್ನು ಪರೀಕ್ಷಿಸಿದ ಮಾರ್ಟಿಮರ್ 1941 ಮತ್ತು 42ರಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು: ಆಮ್ಲಜನಕ ಇರುವವರೆಗೆ ಕೆಸರಿನಲ್ಲಿರುವ ಕಬ್ಬಿಣವು ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ, ಆಮ್ಲಜನಕ ಹೋದೊಡನೆ ಆ ಹಿಡಿತ ಸಡಿಲಗೊಂಡು ರಂಜಕ ನೀರಿಗೆ ಬರುತ್ತದೆ. ಅದನ್ನು ತಿಂದು ಪಾಚಿ ಇನ್ನಷ್ಟು ಬೆಳೆಯುತ್ತದೆ. ದಂಡೆಯ ಹತ್ತಿರ ಕೋಲಿನಿಂದ ಕೆಸರನ್ನು ಕೆದಕಿ ನೋಡಿ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳಕ್ಕೆ ಉಸಿರಿಲ್ಲ.

ಮಾಡಬೇಕಾದದ್ದು ಇಷ್ಟು. ಚರಂಡಿ ಕೆರೆಗೆ ಕೂಡುವ ಬಾಯನ್ನು ಮೊದಲು ತಿರುಗಿಸಿ. ಉಳಿದದ್ದೆಲ್ಲ ಆಮೇಲೆ. ಪಂಚಾಯಿತಿಯವರು ಒಪ್ಪಿದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕೆರೆಯನ್ನು ಒಣಗಲು ಬಿಟ್ಟು ಗೋಡು ತೆಗೆಯಿರಿ. ಮೋಡದ ದಿನಗಳಲ್ಲಿ ಮೀನಿಗೆ ಮೇವನ್ನೂ ಸಗಣಿ ಗೊಬ್ಬರವನ್ನೂ ಹಾಕಬೇಡಿ. ಮೀನು ಬಾಯಿ ಬಡಿಯುವುದು ಕಂಡರೆ ತಡಮಾಡದೆ ಪಂಪ್‌ಸೆಟ್ ಹಚ್ಚಿ, ಕೆರೆಯ ನೀರನ್ನೇ ಎತ್ತಿ ಎತ್ತರದಿಂದ ಮಳೆಯಂತೆ ಮರಳಿ ಬೀಳಿಸಿ. ಕೆರೆಯೆಲ್ಲ ಉಳಿಯದಿದ್ದರೂ ಆ ಮೂಲೆಗೆ ಬಂದು ಸೇರಿದ ಮೀನು ಉಳಿಯುತ್ತದೆ. ಸತ್ತದ್ದನ್ನು ಮಾರಬೇಡಿ, ಸುಣ್ಣ ಹಾಕಿ ಹೂಳಿ. ವಿಷದ ಸಂಶಯ ಮುಂದೆಂದಾದರೂ ಬಂದರೆ ಆ ಗಳಿಗೆಯಲ್ಲೇ ಶುಚಿಯಾದ ಗಾಜಿನ ಬಾಟಲಿಯಲ್ಲಿ ನೀರನ್ನೂ ಇನ್ನೂ ಒದ್ದಾಡುತ್ತಿರುವ ಮೀನನ್ನೂ ಬರ್ಫದಲ್ಲಿಟ್ಟು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಒಯ್ಯಿರಿ.

ಸಂಘದ ಹಿರಿಯರು ಈ ಪುಟವನ್ನು ಕೈಯಲ್ಲಿ ಹಿಡಿದುಕೊಂಡು ಆ ಮನೆಗೆ ಹೋಗಿ ಬರಬೇಕೆಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ತಿಕೋಟಾದಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ನೀರು ಹಸಿರಾಗಿ ಡ್ರಿಪ್‌ನ ಫಿಲ್ಟರ್ ದಿನಕ್ಕೆ ಎರಡು ಸಲ ಕಟ್ಟುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಪಾಚಿ ಹೋಗುತ್ತದೆ ಎನ್ನುತ್ತಾರೆ. ಹೊಂಡದಲ್ಲಿ ಸ್ವಲ್ಪ ಮೀನೂ ಇದೆ, ಎಮ್ಮೆಗಳೂ ಅಲ್ಲೇ ಕುಡಿಯುತ್ತವೆ. ಗೊಬ್ಬರದ ಡ್ರಮ್ಮುಗಳನ್ನು ದಂಡೆಯ ಮೇಲೆ ತೊಳೆಯುವ ಅನುಕೂಲವೂ ಇದೆ. ಎಷ್ಟು ಪ್ರಮಾಣ ಹಾಕಬೇಕು?

ಉತ್ತರ: ಅಣ್ಣನವರೇ, ಸುಣ್ಣದೊಂದಿಗೆ ಬೆರೆಸಿ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ನಿಮಗೆ ಮೈಲುತುತ್ತದ ಪರಿಚಯ ನನಗಿಂತ ಹೆಚ್ಚು. ಆದರೂ ಪ್ರಮಾಣವನ್ನು ನಾನು ಬರೆಯುವುದಿಲ್ಲ. ಗಡಸು ನೀರಿನಲ್ಲಿ ತಾಮ್ರದ ಬಹುಪಾಲು ಕೂಡಲೇ ಕಟ್ಟಿಕೊಂಡು ತಳಕ್ಕಿಳಿಯುತ್ತದೆ. ಮಳೆನೀರು ತುಂಬಿದ ಹೊಂಡದಲ್ಲಿ ಅಷ್ಟೇ ತಾಮ್ರ ಮೀನನ್ನು ಕೊಲ್ಲುತ್ತದೆ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ, ಮೇಲಿನ ಪತ್ರದಲ್ಲಿ ಓದಿದಂತೆ, ಆಮ್ಲಜನಕ ಮುಗಿಯುತ್ತದೆ. ಅದು ನೀಲಿ-ಹಸಿರು ಪಾಚಿಯಾಗಿದ್ದರೆ ಸಾಯುವಾಗ ಒಡಲೊಳಗಿನ ನಂಜನ್ನು ನೀರಿಗೆ ಬಿಡುತ್ತದೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿರುವಾಗ ಎಮ್ಮೆಗಳನ್ನು ಅದರ ಹತ್ತಿರ ಬಿಡಲೇಬೇಡಿ.

ಕಾರಣವನ್ನು ನೀವೇ ಬರೆದಿದ್ದೀರಿ, ಅನುಕೂಲವೆಂದು ತಿಳಿದು ಬರೆದಿದ್ದೀರಿ ಅಷ್ಟೆ. ಆ ಡ್ರಮ್ಮುಗಳು. ಕೆನಡಾದ ಒಂಟಾರಿಯೊದಲ್ಲಿ 226 ಎಂಬ ಸಂಖ್ಯೆಯಿಂದ ಕರೆಯುವ ಸರೋವರ ನಡುವೆ ಸಣ್ಣಗಾಗಿ ಎರಡು ಭಾಗವಾಗಿದೆ. 1973ರಲ್ಲಿ ಶಿಂಡ್ಲರ್ ಮತ್ತು ಅವರ ಸಂಗಡಿಗರು ಆ ನಡುವಿಗೆ ಪರದೆ ಕಟ್ಟಿದರು. ಒಂದು ಕಡೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಕಡೆ ಅವೆರಡರ ಜೊತೆಗೆ ರಂಜಕ. ರಂಜಕ ಬಿದ್ದ ಕಡೆ ನೀರು ಹಸಿರುಗಟ್ಟಿತು, ಇನ್ನೊಂದು ಕಡೆ ತಿಳಿಯಾಗಿಯೇ ಉಳಿಯಿತು. ನಿಮ್ಮ ಡಿಎಪಿಯಲ್ಲೂ 19:19:19ರಲ್ಲೂ ಇರುವುದು ಅದೇ ರಂಜಕ. ಬಳ್ಳಿಯ ಬುಡಕ್ಕೆ ಹೋಗಬೇಕಾದದ್ದು ಹೊಂಡಕ್ಕೆ ಹೋಗುತ್ತಿದೆ.

ಡ್ರಮ್ಮು ತೊಳೆಯುವುದನ್ನು ತೋಟದೊಳಕ್ಕೆ ಒಯ್ಯಿರಿ. ಮೋಟಾರು ನಿಂತಾಗ ಗೊಬ್ಬರದ ನೀರು ಹಿಂದಕ್ಕೆ ಹರಿದು ಹೊಂಡ ಸೇರದಂತೆ ತಡೆಕವಾಟ ಕೆಲಸ ಮಾಡುತ್ತಿದೆಯೇ ನೋಡಿ. ಹೊಂಡದ ಮೇಲೆ ನೆರಳು ಪರದೆ ಕಟ್ಟಿದರೆ ಪಾಚಿಗೆ ಬೆಳಕು ಕಡಿಮೆಯಾಗುತ್ತದೆ, ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಫುಟ್‌ವಾಲ್ವನ್ನು ತಳದಲ್ಲಿ ಬಿಡದೆ, ಖಾಲಿ ಕ್ಯಾನಿಗೆ ಕಟ್ಟಿ ಮೇಲಿನಿಂದ ಎರಡು ಮೂರು ಅಡಿ ಕೆಳಗೆ ತೂಗುಬಿಡಿ. ಹಸಿರು ಕೆನೆಯೂ ಬರುವುದಿಲ್ಲ, ಕೆಸರೂ ಬರುವುದಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ವಾಸ. ಕೆಲವು ದಿನ ನಳದ ನೀರು ಮೊದಲ ಮಳೆ ಬಿದ್ದ ಮಣ್ಣಿನಂತೆ ವಾಸನೆ ಬರುತ್ತದೆ. ಕುದಿಸಿ ಕುಡಿದರೆ ಸಾಕೇ?

ಉತ್ತರ: ಜಲಾಶಯದಿಂದ ಬರುವ ನೀರಿನಲ್ಲಿ ಈ ವಾಸನೆ ಹಲವು ಊರುಗಳಲ್ಲಿ ಆಗಾಗ ಬರುತ್ತದೆ. ಕೆಲವು ನೀಲಿ-ಹಸಿರು ಪಾಚಿಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಮಳೆ ಬಿದ್ದ ನೆಲದ ವಾಸನೆಯೂ ಅದರದ್ದೇ, ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ. ಲೀಟರಿನಲ್ಲಿ ಒಂದು ಗ್ರಾಮಿನ ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟಿದ್ದರೂ ಮನುಷ್ಯನ ಮೂಗಿಗೆ ಅದು ಹತ್ತುತ್ತದೆ ಎನ್ನುವಷ್ಟು ಸೂಕ್ಷ್ಮ ವಾಸನೆ ಅದು. ಅಷ್ಟು ಪ್ರಮಾಣದಲ್ಲಿ ಅದರಿಂದ ಅಪಾಯವಿಲ್ಲ. ರೋಗಾಣುಗಳ ಸಲುವಾಗಿ ಕುದಿಸುವುದನ್ನು ಬಿಡಬೇಡಿ, ಕುದಿಸಿದಾಗ ವಾಸನೆಯೂ ತಕ್ಕಮಟ್ಟಿಗೆ ಇಳಿಯುತ್ತದೆ. ಒಂದು ಮಾತನ್ನು ಮಾತ್ರ ನೆನಪಿಡಿ: ಊರ ಕಡೆ ಹೋದಾಗ ಹಸಿರು ಕೆನೆ ಕಟ್ಟಿದ ಕೆರೆಯ ನೀರನ್ನು ಕುದಿಸಿ ಕುಡಿಯಬಹುದೆಂದು ತಿಳಿಯಬೇಡಿ. ಆ ಪಾಚಿಯ ನಂಜು ಕುದಿತಕ್ಕೆ ನಾಶವಾಗುವುದಿಲ್ಲ.

ಪ್ರಶ್ನೆ: ನಾನು ಬಾಗಲಕೋಟೆಯ ಪದವಿ ವಿದ್ಯಾರ್ಥಿನಿ. ಆಲಮಟ್ಟಿಯ ಹಿನ್ನೀರು ನಮ್ಮ ಊರಿನ ಅಂಚಿಗೇ ಇದೆ. ಕಾಲೇಜಿನಲ್ಲಿ ದುಬಾರಿ ಉಪಕರಣಗಳಿಲ್ಲ. ಏನನ್ನಾದರೂ ಅಳೆಯಬಹುದೇ?

ಉತ್ತರ: ತಂಗೀ, ಅಳೆಯಬಹುದು. ಇಟಲಿಯ ಪಾದ್ರಿ ಮತ್ತು ಖಗೋಳಶಾಸ್ತ್ರಜ್ಞ ಸೆಕಿ 1865ರಲ್ಲಿ ಹಡಗಿನಿಂದ ಬಿಳಿಯ ತಟ್ಟೆಗಳನ್ನು ಸಮುದ್ರಕ್ಕೆ ಇಳಿಬಿಟ್ಟು ಎಷ್ಟು ಆಳದಲ್ಲಿ ಮರೆಯಾಗುತ್ತವೆ ಎಂದು ನೋಡಿದರು. ಕೆರೆಗಳಲ್ಲಿ ಇಂದಿಗೂ ಅದೇ ತಟ್ಟೆ ನಡೆಯುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ 20 ಸೆಂಟಿಮೀಟರ್ ಅಗಲದ ದುಂಡನೆಯ ತಗಡನ್ನು ಕತ್ತರಿಸಿ, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ ಹಚ್ಚಿಸು. ನಡುವಿನ ತೂತಿಗೆ ಹಿಗ್ಗದ ಹಗ್ಗ ಕಟ್ಟಿ, ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕು, ಕೆಳಗೆ ಭಾರ ಕಟ್ಟು. ಹೊತ್ತು ನೆತ್ತಿಯ ಹತ್ತಿರ ಇರುವಾಗ, ಹರಿಗೋಲಿನ ನೆರಳಿನ ಬದಿಯಿಂದ ಇಳಿಬಿಡು. ತಟ್ಟೆ ಕಾಣದಾದ ಆಳ, ಮೇಲೆತ್ತುವಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿ ನಿನ್ನ ಅಳತೆ. ಒಬ್ಬಳೇ ಹೋಗಬೇಡ. ಮೀನುಗಾರರ ಜೊತೆಗೆ, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗು.

ಆಗಸ್ಟಿನಲ್ಲಿ ತಟ್ಟೆ ಒಂದು ಗೇಣಿಗೇ ಮರೆಯಾದರೆ ಗಾಬರಿಯಾಗಬೇಡ, ಅದು ಕೃಷ್ಣೆ ಘಟಪ್ರಭೆಗಳು ಹೊತ್ತು ತಂದ ಮಣ್ಣು. ಮಣ್ಣು ತಳಕ್ಕಿಳಿದು ನೀರು ತಿಳಿಯಾಗುವ ಡಿಸೆಂಬರಿನಿಂದ ಮಾರ್ಚಿನವರೆಗಿನ ಅಳತೆಗಳು ಪಾಚಿಯ ಸುದ್ದಿ ಹೇಳುತ್ತವೆ. ಚರಂಡಿ ಬಂದು ಕೂಡುವಲ್ಲಿ ಒಂದು ಕಡೆ, ದೂರದ ತೆರೆದ ನೀರಿನಲ್ಲಿ ಒಂದು ಕಡೆ, ಹದಿನೈದು ದಿನಕ್ಕೊಮ್ಮೆ ಅಳೆ. ವಹಿಯಲ್ಲಿ ತಾರೀಖು, ಗಂಟೆ, ಮೋಡ, ಗಾಳಿ, ನೀರಿನ ಬಣ್ಣ ಬರೆದಿಡು. ಅಣೆಕಟ್ಟಿನ ಪೂರ್ಣ ಮಟ್ಟ 519.60 ಮೀಟರ್. ಅಂದಂದಿನ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ, ಅದನ್ನೂ ಪಕ್ಕದಲ್ಲಿ ಬರೆ. ಮಾರ್ಚ್ ಮುಗಿದ ಮೇಲೆ ವಹಿಯ ನಕಲನ್ನು ನನಗೆ ಕಳುಹಿಸು, ಆ ಅಂಕಿಗಳನ್ನು ನಿನ್ನ ಹೆಸರಿನಲ್ಲೇ ಈ ಅಂಕಣದಲ್ಲಿ ಹಾಕುತ್ತೇನೆ.